ಸುಮಂಗಲಾಗೆ ಗೊತ್ತಿದ್ದ ಮಾತು

ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ತನ್ನ ಗಂಡ ಬೇರೊಬ್ಬ ಹೆಂಗಸಿನ ಡಬ್ಬಿಯಿಂದ ರೊಟ್ಟಿ ಮುರಿದು ತಿನ್ನುತ್ತಿದ್ದುದನ್ನು ಕಂಡು ಭಾಗ್ಯಜ್ಯೋತಿ ನಿಂತಲ್ಲೇ ನಿಂತುಬಿಟ್ಟಳು.

"ಅನೀಲ, ಇನ್ನೊಂದ ತಗೋ..." ಅಂದಳು ಆ ಹೆಂಗಸು.

ಅನೀಲ! ಏಕವಚನ ಬೇರೆ!

ನಾಲತವಾಡದ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಜ್ಯೋತಿ ತರಬೇತಿಗೆಂದು ಬಂದಿದ್ದಳು. ಅದು ಬೇಗ ಮುಗಿದಿತ್ತು. ಗಂಡನ ಕೃಷಿ ಕಚೇರಿಗೆ ಹೋಗಿ ಅವನನ್ನು ಬೆರಗುಗೊಳಿಸಬೇಕೆಂದುಕೊಂಡಿದ್ದಳು. ಬೆರಗಾದವಳು ತಾನೇ.

ಕೆಲವು ವಾರಗಳಿಂದ ಅವಳು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಮುಟ್ಟದೆ ವಾಪಸು ಬರುತ್ತಿದ್ದವು. 'ಹಸಿವಿಲ್ಲ' ಅನ್ನುತ್ತಿದ್ದ. ಇಲ್ಲಿ ಹಸಿವು ಬಂತಲ್ಲ...

ಕನ್ಯೆ ನೋಡಲು ಬಂದಾಗ ಅನೀಲಕುಮಾರ ಮುಚ್ಚುಮರೆಯಿಲ್ಲದೆ ಹೇಳಿದ್ದ: "ನನಗ ಸಣ್ಣಾವಿದ್ದಾಗಿಂದ ಸಕ್ರಿ ಬ್ಯಾನಿ ಐತ್ರಿ. ದಿನಾ ಇನ್ಸುಲಿನ್ ಚುಚ್ಕೋಬೇಕು." ಇಷ್ಟು ನಿಜ ಹೇಳುವವನು ಮೋಸ ಮಾಡಲಾರ ಎಂದೇ ಅವಳು ಒಪ್ಪಿದ್ದಳು.

ಅವಳು ನೆಟ್ಟಗೆ ಬೆಂಚಿನ ಮುಂದೆ ಹೋಗಿ ನಿಂತಳು.

"ಇಕಿ ಯಾರ್ರೀ?"

ಅನೀಲನ ಕೈಯ ತುತ್ತು ಅಲ್ಲೇ ಉಳಿಯಿತು. "ಜ್ಯೋತಿ... ಸುಮಂಗಲಾ ಅಂತ. ಸಣ್ಣವರಿದ್ದಾಗ ಒಂದ ಡಾಕ್ಟರ್ ಕಡೆ..."

"ನನ್ನ ಅಡಗಿ ಸೇರಂಗಿಲ್ಲ, ಇಕಿ ಕೈದು ಸೇರ್ತೈತಿ!"

ಸುಮಂಗಲಾ ಸಿಟ್ಟಾಗಲಿಲ್ಲ. ಸೆರಗು ಸರಿಸಿ ಎಡಗೈ ಮುಂದೆ ಚಾಚಿದಳು. ಮೊಣಕೈ ಬಳಿ ನರ ಹಗ್ಗದಂತೆ ಉಬ್ಬಿತ್ತು.

"ಮುಟ್ಟಿ ನೋಡ್ರಿ, ತಂಗಿ."

ಜ್ಯೋತಿ ಬೆರಳಿಟ್ಟಳು. ಒಳಗೆ ಜೇನುಹುಳು ಗುಂಯ್ಗುಟ್ಟಿದ ಹಾಗೆ!

"ನನಗೂ ಸಣ್ಣಾಕಿದ್ದಾಗಿಂದ ಅದ ಬ್ಯಾನಿ. ಕಿಡ್ನಿ ಹೋದುವು. ಡಯಾಲಿಸಿಸ್‌ಗೆ ವಿಜಾಪುರಕ್ಕ ಹೊಂಟೇನಿ. ಅದರ ಸೂಜಿ ಚುಚ್ಚಾಕಂತ ಈ ನರ ಆಪರೇಷನ್ ಮಾಡಿ ಕೂಡಿಸ್ಯಾರ. ಉಪ್ಪಿಲ್ಲದ ರೊಟ್ಟಿ-ಪಲ್ಯ ಇದು. ಇವಗೂ ಈಗ ಅದ ಬೇಕು."

"ಇವರಿಗ್ಯಾಕ?"

ಅನೀಲ ತಲೆ ತಗ್ಗಿಸಿದ. "ಮೂತ್ರದಾಗ ಪ್ರೋಟೀನ್ ಹೋಗಾಕತ್ತೈತಿ, ಜ್ಯೋತಿ. ಕಿಡ್ನಿಗೆ ಪೆಟ್ಟು ಸುರು ಆಗೇತಿ. ಉಪ್ಪು ಕಡಿಮಿ ಮಾಡು, ಗುಳಿಗಿ ತಪ್ಪಿಸಬ್ಯಾಡ, ಸಕ್ರಿ ಹಿಡಿತದಾಗ ಇಡು ಅಂದಾರ. ಹಂಗಿದ್ರ ಭಾಳ ವರ್ಷ ತಡೀಬಹುದಂತ."

ಸಂಜೆ ಅವನ ಪಾದಗಳು ಊದಿಕೊಂಡಿರುತ್ತಿದ್ದವು. ಬೂಟು ಬಿಗಿಯಾಗಿದೆ ಅಂದಿದ್ದ. ನಂಬಿದ್ದಳು!

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಮತ್ತಷ್ಟು ಹೊಟ್ಟೆಕಿಚ್ಚು.

"ಇಕಿಗೆ ಹೇಳಿದ್ರಿ... ನನಗ ಹೇಳಲಿಲ್ಲ!"

"ನಾನೂ ಇವಗ ಅದನ್ನ ಬಡ್ಕೊಂಡ್ನಿ," ಅಂದಳು ಸುಮಂಗಲಾ. "ನನ್ನ ಗಂಡನ ಮುಂದ ಹೇಳದ ಮುಚ್ಚಿಟ್ಟು ನಾ ತಡಾ ಮಾಡಿದ್ನಿ. ನೀ ಹಂಗ ಮಾಡಬ್ಯಾಡಪಾ ಅಂತ."

ವಿಜಾಪುರದ ಬಸ್ ಬಂತು. ಅವಳು ಜ್ಯೋತಿಯ ಕೆನ್ನೆ ತಟ್ಟಿ ಹತ್ತಿಹೋದಳು.

ಇಬ್ಬರೇ ಉಳಿದರು.

"ಯಾಕ್ರಿ ಹೇಳಲಿಲ್ಲ?"

"ನಿನ್ನ ಕಣ್ಣಾಗ ನಾ ಗಂಡ ಇದ್ದೇನಿ. ಹೇಳಿದ್ರ ಪೇಶಂಟ್ ಆಗಿಬಿಡ್ತೇನೇನೋ ಅಂತ... ಅಂಜಿದ್ನಿ."

ಜ್ಯೋತಿಯ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕುಳಿತು, ಜನ ನೋಡುತ್ತಿದ್ದರೂ ಅವನ ಕೈ ಹಿಡಿದಳು.

"ನಿಮ್ಮ ನಗಿ ಅಷ್ಟ ನಂದಲ್ಲ. ನಿಮ್ಮ ಬ್ಯಾನಿನೂ ನಂದ. ಅದನ್ನ ಇನ್ನೊಬ್ಬಾಕಿ ಕೂಡ ಹಂಚ್ಕೊಂಡ್ರ ನಾ ತಡ್ಕೊಳ್ಳಂಗಿಲ್ರಿ! ಮುಂದಿನ ಸಲ ಡಾಕ್ಟರ್ ಕಡೆ ನಾನೂ ಬರ್ತೇನಿ."

"ಮುಂದ... ನನಗೂ ಮಷೀನ್ ಹಚ್ಚೂ ಪಾಳಿ ಬಂದ್ರ?"

ಅವಳ ಹಿಡಿತ ಬಿಗಿಯಾಯಿತು.

"ಬಂದ್ರ, ಬಾಜೂಕಿನ ಕುರ್ಚಿ ನಂದು."

"ಸುಮಂಗಲಾ ಮಾತಾಡ್ಸಾಕ ಬಂದ್ರ?"

ಜ್ಯೋತಿ ಕಣ್ಣೊರೆಸಿಕೊಂಡು ಮೂಗೇರಿಸಿದಳು.

"ಬರ್ಲಿ... ಅಕಿ ನಿಂತಿರ್ಲಿ!"