ಸೋಮವಾರದ ಗಂಡಿಲಿಗಳು

ಶ್ರಾವಣ ಸೋಮವಾರ. ಹಳಿಯಾಳದ ಫಾರ್ಮಸಿ ಕಾಲೇಜಿನ ಇಲಿಕೋಣೆಯಲ್ಲಿ ದ್ರಾಕ್ಷಾಯಣಿ ಗಂಡಿಲಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ನಿಂತೇ ಇದ್ದಳು. ಹಣೆಯಲ್ಲಿ ವಿಭೂತಿ, ಮೇಜಿನ ಮೇಲೆ ಕತ್ತರಿ.

ಶಿವನ ವಾರ ಜೀವ ತೆಗೆಯುವುದು ಹೇಗೆ…?

“ಕೊಡ್ರಿ ಇಲ್ಲೆ.” ಹಿಂದಿನಿಂದ ಗೈಡ್ ಸುನಂದಾ ಮೇಡಂ ದನಿ. ಬೆಚ್ಚಿ ತಿರುಗಿದರೆ, ಮೇಡಂ ದನಿ ಅಣಕಿಸುತ್ತ ನಿಂತಿದ್ದ ಹೊಸದಾಗಿ ಸೇರಿದ ಸಂಶೋಧಕ ಈರೇಶ!

“ಮೇಡಂ ದನಿಗೆ ಇಲಿನೂ ಹೆದರ್ತಾವ್ರಿ. ಪಾಪ ನನಗಿರ್ಲಿ, ಪುಣ್ಯ ನಿಮಗ, ಪಿಎಚ್‌ಡಿ ಇಬ್ಬರಿಗೂ.”

ಅವಳು ನಕ್ಕುಬಿಟ್ಟಳು. ಅಂದಿನಿಂದ ಸೋಮವಾರ ಗಂಡಿಲಿಗಳ ಲಿವರ್ ಅವನು ತೆಗೆಯುವುದು, ಮಂಗಳವಾರ ಹೆಣ್ಣಿಲಿಗಳದು ಅವಳು. ಮೇಡಂಗೆ ಈ ಒಳ ಒಪ್ಪಂದ ಗೊತ್ತಿರಲಿಲ್ಲ.

ಫಲಿತಾಂಶ ನೋಡಿ ಮೇಡಂ ಹಿಗ್ಗಿದರು. ಔಷಧಿ ಕರಗಿಸುವ ಕಿಣ್ವ ಹೆಣ್ಣಿಲಿಗಳ ಲಿವರಿನಲ್ಲಿ ಎರಡು ಪಟ್ಟು ಚುರುಕು! ಇಷ್ಟು ತಿಳಿಯಲಿಕ್ಕೆ ಇಲಿ ಯಾಕೆ, ನಮ್ಮವ್ವನನ್ನು ಕೇಳಿದ್ದರೆ ಸಾಕಿತ್ತು ಎಂದು ಈರೇಶ ಚಾಷ್ಟಿ ಮಾಡಿದ.

ದ್ರಾಕ್ಷಾಯಣಿಯ ಹಿಗ್ಗಿಗೆ ಬೇರೆ ಕಾರಣವಿತ್ತು. ತೇರಗಾಂವದಲ್ಲಿ ಅಪ್ಪ ಉಳವಪ್ಪ ಮುಂಡಗೋಡದ ಸಂಬಂಧ ಹಿಡಿದು ಕೂತಿದ್ದ. ಪಿಎಚ್‌ಡಿ ಕೈಗೆ ಬಂದರೆ ಅವಳು ಹೇಳಿದ ಹುಡುಗ, ಇಲ್ಲದಿದ್ದರೆ ಅಪ್ಪ ಹೇಳಿದವನು ಎಂಬುದು ಷರತ್ತು. ಅವಳು ಹೇಳಲಿದ್ದ ಹೆಸರು ಈರೇಶ. ಅವನಿಗೇ ಇನ್ನೂ ಹೇಳಿರಲಿಲ್ಲ…

ಪ್ರಬಂಧ ಸಲ್ಲಿಸುವ ಮುಂಚೆ ಈರೇಶ ಮೇಡಂ ಬಳಿ ಹೋಗಿ ಒಪ್ಪಂದವನ್ನು ಬಾಯಿಬಿಟ್ಟ. ಮೇಡಂ ಗಂಡು ಹೆಣ್ಣು ಎರಡನ್ನೂ ಒಂದೇ ದಿನ, ಒಂದೇ ಕೈಯಿಂದ ಮತ್ತೆ ಅಳೆಸಿದರು. ವ್ಯತ್ಯಾಸ ಮಾಯ. ಈರೇಶನ ಕೈ ನಿಧಾನ. ಲಿವರ್ ಮಂಜುಗಡ್ಡೆಗೆ ಬೀಳುವಷ್ಟರಲ್ಲಿ ಕಿಣ್ವ ಅರ್ಧ ಸತ್ತಿರುತ್ತಿತ್ತು. ಅಷ್ಟೇ.

ಫೆಲೋಶಿಪ್ ಮುಗಿದಿತ್ತು, ಮತ್ತೆ ಮೊದಲಿನಿಂದ ಮಾಡುವಂತಿರಲಿಲ್ಲ; ದ್ರಾಕ್ಷಾಯಣಿಗೆ ಪಿಎಚ್‌ಡಿ ಕೈತಪ್ಪಿತು. ‘ಹೊಟ್ಟೆಕಿಚ್ಚಿನವ…’ ಎಂದುಕೊಂಡು ಅವಳು ಈರೇಶನೊಂದಿಗೆ ಮಾತು ಬಿಟ್ಟಳು. ತಪ್ಪೆಲ್ಲ ತನ್ನದೆಂದು ಹೇಳಿ ಅವನೂ ಜಾಗ ಕಳೆದುಕೊಂಡನೆಂದು ಮೇಡಂ ತಿಳಿಸಿದಾಗ, ಮುಂಡಗೋಡದವರು ವೀಳ್ಯ ಹಿಡಿದು ಮದುವೆ ಗಟ್ಟಿ ಮಾಡಿಕೊಂಡು ಹೋಗಿಯಾಗಿತ್ತು.

ಹಳಿಯಾಳ ಬಸ್‌ಸ್ಟ್ಯಾಂಡಿನಲ್ಲಿ ಅವನು ಸಿಕ್ಕ.

“ಯಾಕ ಹೇಳಿದ್ರಿ?”

“ನಮ್ಮ ಅಂಕಿ ನಂಬಿ ನಾಳೆ ಯಾರೋ ಹೆಣ್ಣುಮಗಳಿಗೆ ಗುಳಿಗಿ ಹೆಚ್ಚು ಕೊಟ್ರ?” ಅವನು ನೆಲ ನೋಡಿದ. “ನಿಮಗ ಮನಸಿನ್ಯಾಗಿಂದು ಹೇಳೂದಿತ್ತು. ಅದನ್ನ ಮೊದಲ ಹೇಳಿದ್ರ, ನಿಮ್ಮ ಸಲುವಾಗಿ ಸುಳ್ಳನ್ನ ಉಳಿಸ್ತಿದ್ನೋ ಏನೋ. ಅದಕ್ಕ ಸುಮ್ಮನಾದೆ.”

ತೇರಗಾಂವದ ಬಸ್ಸು ಬಂದು ನಿಂತಿತು.

“ಈಗ ಹೇಳ್ರಿ,” ಎಂದಳು. “ಈಗ ಉಳಸೂದು ಏನೂ ಇಲ್ಲ.”

ಅವನು ಹೇಳಿದ.

“ನನ್ನ ಮನಸಿನ್ಯಾಗೂ ಅದ ಇತ್ರಿ,” ಎಂದು ಅವಳು ಬಸ್ಸು ಹತ್ತಿದಳು.