ಕೊನೆಯ ಸುತ್ತಿಗೆ ಬಿಟ್ಟವನು

"ಡ್ರಾಫ್ಟ್ ಮುಗಿದ್ಮೇಲೆ ಎಲ್ರಿಗೂ ನಾನೇ ಹೇಳ್ತೀನಿ ಗಾರ್ಡಿ. ಇನ್ಮೇಲೆ ನಂಗೆ ಟೀಮ್ ಬೇಡ. ನಿನ್ ತಮ್ಮ ಡ್ವೇನ್ ತಗೊಳ್ಲಿ. ಇವತ್ತು ಅವನ ಪರವಾಗಿ ನಾನೇ ಆರಿಸ್ತೀನಿ."

ಗಾರ್ಡಿಯ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಮೇಲೆ, ಆಲೂಗಡ್ಡೆ ಸಲಾಡಿನ ಬೋಗುಣಿ ಹಿಡಿದುಕೊಂಡು ನಾನು ನಿಂತಲ್ಲೇ ನಿಂತೆ. ದನಿ ವೆಂಡೆಲ್‌ನದು.

ನಮ್ಮ ಮಿಲ್ವಾಕಿಯಲ್ಲಿ ಮಾರ್ಚ್ ಮುಗಿದರೂ ಹಿಮ ಕರಗುವುದಿಲ್ಲ, ಬೇಸ್‌ಬಾಲ್ ಮಾತ್ರ ಆಗಲೇ ತಲೆಗೇರಿರುತ್ತದೆ. ಸೀಸನ್ ಶುರುವಾಗುವ ಹಿಂದಿನ ಶನಿವಾರ ಗೆಳೆಯರೆಲ್ಲ ಇಲ್ಲಿ ಸೇರಿ, ನಿಜವಾದ ಆಟಗಾರರನ್ನು ಸರದಿಯ ಮೇಲೆ ನಮ್ಮ ನಮ್ಮ ಟೀಮುಗಳಿಗೆ ಹಂಚಿಕೊಳ್ಳುತ್ತೇವೆ, ಅದೇ ಡ್ರಾಫ್ಟ್. ಅವರು ಮೈದಾನದಲ್ಲಿ ಆಡಿದಂತೆ ಇಲ್ಲಿ ನಮಗೆ ಅಂಕ. ಈ ಹುಚ್ಚಿಗೆ ಸ್ವಂತ ತಂಗಿಯ ಮದುವೆ ತಪ್ಪಿಸಿಕೊಂಡವರೂ ನಮ್ಮಲ್ಲಿದ್ದಾರೆ. ಇಂಥ ಲೀಗಿನಿಂದ ಜನ ಹೋಗುವುದು ಊರು ಬಿಟ್ಟಾಗ, ಇಲ್ಲವೇ ಲೋಕ ಬಿಟ್ಟಾಗ.

ವೆಂಡೆಲ್ ಗಟ್ಟಿಮುಟ್ಟಾಗಿಯೇ ಇದ್ದ. ಅಂದರೆ ಊರು ಬಿಡುತ್ತಿದ್ದಾನೆ. ದೂರದ ಫೀನಿಕ್ಸ್ ಊರಿನಲ್ಲಿರುವ ಅಣ್ಣ ಕೆಲಸಕ್ಕೆ ಕರೆಯುತ್ತಿದ್ದಾನೆ ಎಂದು ಕ್ರಿಸ್‌ಮಸ್‌ನಲ್ಲಿ ಹೇಳಿದ್ದ. ನಾನು "ಹೌದಾ, ಒಳ್ಳೇದು" ಎಂದು ಪಾತ್ರೆ ತೊಳೆದಿದ್ದೆ.

ಒಳಗೆ ಅವನು ಎಂದಿನಂತೆ ನನ್ನ ಪಕ್ಕದ ಕುರ್ಚಿಗೆ ಬಂದ. ಕೆಂಚು ಗಡ್ಡ, ಹೀಟರ್ ರಿಪೇರಿಯ ಮಸಿ ಬಿಡದ ಉಗುರುಗಳು, ತುಂಟ ನಗು.

"ಏನು ಮಾರ್ಲಿಸ್, ಈ ವರ್ಷನೂ ಕ್ಲೋಸರ್‌ನ ಕೊನೇ ಸುತ್ತಿಗೇ ಬಿಡ್ತೀಯಾ?"

"ಬಿಡ್ತೀನಿ. ನಿಂಗೇನು?"

ಕ್ಲೋಸರ್ ಅಂದರೆ ಗೆಲ್ಲುವ ಪಂದ್ಯವನ್ನು ಕೊನೆಯಲ್ಲಿ ಬಂದು ಕಾಯುವ ಪಿಚರ್, ಚೆಂಡೆಸೆಯುವವನು. ಎರಡು ದಿನ ಎಡವಿದರೆ ಆ ಜಾಗ ಬೇರೆಯವನಿಗೆ. ಅಂಥ ಭರವಸೆಯಿಲ್ಲದ ಜಾಗಕ್ಕೆ ಒಳ್ಳೆಯ ಸರದಿ ಸುಡಬಾರದು, ಉಳಿದವರಲ್ಲಿ ಒಬ್ಬನನ್ನು ಕೊನೆಗೆ ತೆಗೆದುಕೊಂಡರಾಯಿತು ಎಂಬುದು ನನ್ನ ಲೆಕ್ಕ. ಬದುಕಿನಲ್ಲೂ ಅದೇ ಲೆಕ್ಕ. ಒಬ್ಬನನ್ನು ಮೊದಲ ಸುತ್ತಿನಲ್ಲೇ ಆರಿಸಿ, ಮದುವೆಯಾಗಿ, ಕೈ ಸುಟ್ಟುಕೊಂಡವಳು ನಾನು. ಹಾಗಾಗಿ ಶುಕ್ರವಾರದ ಮೀನೂಟಕ್ಕೆ ವೆಂಡೆಲ್ ಜೊತೆ ಹೋಗುತ್ತಿದ್ದೆ, ಅವನ ಮಫ್ಲರ್ ಹಾಕಿಕೊಂಡು ಓಡಾಡುತ್ತಿದ್ದೆ, ಆದರೆ ಅವನನ್ನು ಪ್ರೀತಿಸುತ್ತೇನೆ ಎಂದು ಮಾತ್ರ ಹೇಳಿರಲಿಲ್ಲ. ಎಲ್ಲಿ ಹೋಗುತ್ತಾನೆ, ಇದ್ದೇ ಇರುತ್ತಾನೆ ಅಂದುಕೊಂಡಿದ್ದೆ. ನಾನು ಮರೆತದ್ದೊಂದಿತ್ತು: ಯಾರೋ ಒಬ್ಬ ಕ್ಲೋಸರ್‌ಗೆ ಕೈಹಾಕಿದನೆಂದರೆ ಉಳಿದವರೆಲ್ಲ ಮುಗಿಬೀಳುತ್ತಾರೆ. ಕಾದು ಕೂತವರಿಗೆ ಯಾರೂ ಉಳಿಯುವುದಿಲ್ಲ.

ಡ್ರಾಫ್ಟ್ ನಡೆಯಿತು. ಗೋಡೆಯ ಬೋರ್ಡಿನ ಮೇಲೆ ಗಾರ್ಡಿ ಆಟಗಾರರ ಹೆಸರಿನ ಚೀಟಿ ಅಂಟಿಸುತ್ತಿದ್ದ. ನನಗೆ ಒಂದೂ ಕಾಣುತ್ತಿರಲಿಲ್ಲ. ವೆಂಡೆಲ್ ಪೆನ್ಸಿಲ್ ಕಚ್ಚುತ್ತಾ ಓರೆಗಣ್ಣಿನಿಂದ ನನ್ನನ್ನು ನೋಡಿದಾಗಲೆಲ್ಲ, ಇದು ಕೊನೆಯ ಸಲ, ಇದು ಕೊನೆಯ ಸಲ ಅನ್ನಿಸುತ್ತಿತ್ತು. ನನ್ನ ಸರದಿ ಬಂತು. ಬಾಯಿಗೆ ಬಂದ ಹೆಸರು ಹೇಳಿದೆ.

"ಹೋಲ್ಬ್ರೂಕ್."

ಇಡೀ ನೆಲಮಾಳಿಗೆ ಹೋ ಎಂದಿತು.

"ಅವನು ವೆಂಡೆಲ್ ಪಾಲಾಗಿ ಗಂಟೆ ಆಯ್ತು ಕಣೇ!" ಗಾರ್ಡಿ ಮೇಜು ಗುದ್ದಿದ. "ಕಣ್ಣು ಬಾಡಿಗೆಗೆ ಕೊಟ್ಟಿದ್ದೀಯಾ? ನಡಿ ಹೊರಗೆ!"

ಆಗಲೇ ಯಾರದೋ ಪಾಲಾದವನ ಹೆಸರು ಕರೆದವರು ಆ ಸರದಿ ಕಳೆದುಕೊಂಡು, ಸುತ್ತು ಮುಗಿಯುವವರೆಗೆ ಹಿತ್ತಲ ಕಟ್ಟೆಯ ಮೇಲೆ ಚಳಿಯಲ್ಲಿ ನಿಲ್ಲಬೇಕು. ಅದು ನಮ್ಮ ಲೀಗಿನ ಶಿಕ್ಷೆ. ನನಗೂ ಅದೇ ಬೇಕಿತ್ತು. ಹೊರಗೆ ಬಂದು ಬಾಗಿಲು ಹಾಕಿಕೊಂಡದ್ದೇ ತಡ, ಅಳು ಬಂತು.

ಒಳಗೆ ಮತ್ತೊಮ್ಮೆ ಹೋ ಎಂಬ ಕೂಗು. ಬಾಗಿಲು ತೆರೆಯಿತು. ಕೋಟೂ ಇಲ್ಲದೆ ವೆಂಡೆಲ್ ನಿಂತಿದ್ದ.

"ನೀನ್ಯಾರನ್ನ ಕರೆದೆ?" ಕಣ್ಣೊರೆಸಿಕೊಂಡೆ.

"ಹೋಲ್ಬ್ರೂಕ್."

"ಅವನನ್ನ ತಗೊಂಡಿದ್ದೇ ನೀನಲ್ವೇನೋ!"

"ಹೂಂ. ಗಾರ್ಡಿಗೆ ನಗು ತಡಿಯಕ್ಕಾಗ್ತಿಲ್ಲ." ಅವನು ಮಾತ್ರ ನಗಲಿಲ್ಲ. "ಯಾಕೆ ಅಳ್ತಿದ್ದೀಯಾ?"

ಆಗ ನನ್ನ ಬಾಯಿಗೆ ಕಡಿವಾಣವೇ ಇಲ್ಲದಾಯಿತು. "ಫೀನಿಕ್ಸ್‌ಗೆ ಹೋಗೋನು ಹೋಗು! ಗಾರ್ಡಿಗೆ ಹೇಳಕ್ಕೆ ಬಾಯಿದೆ, ನಂಗೆ ಹೇಳಕ್ಕಿಲ್ಲ. ಎಲ್ಲಾ ಕೇಳಿಸ್ಕೊಂಡೆ, ಟೀಮ್ ಬಿಡ್ತಿದ್ದೀಯ."

"ಫೀನಿಕ್ಸಾ?" ಅವನ ಮುಖ ಬಿಳಿಚಿಕೊಂಡಿತು. "ಅಣ್ಣಂಗೆ ಜನವರಿಲೇ ಆಗಲ್ಲ ಅಂದೆ. ಮಾರ್ಲಿಸ್, ಲೀಗ್ ರೂಲ್ ಏನು? ಒಂದು ಮನೆಗೆ?"

"ಒಂದೇ ಟೀಮ್." ಒಂದೇ ಮನೆಯವರು ತಮ್ಮತಮ್ಮಲ್ಲೇ ಒಳ್ಳೆಯ ಆಟಗಾರರನ್ನು ಸಾಗಿಸಿಬಿಡುತ್ತಾರೆಂದು ಗಾರ್ಡಿ ಮಾಡಿದ ನಿಯಮವದು. ಹೇಳುತ್ತಾ ಹೇಳುತ್ತಾ ನನ್ನ ದನಿ ಸಣ್ಣದಾಯಿತು.

"ಅದಕ್ಕೇ ಬಿಟ್ಟೆ. ಮೊದ್ಲು ನಿನ್ನ ಕೇಳ್ಬೇಕಿತ್ತು. ಧೈರ್ಯ ಬರಲಿಲ್ಲ. ಟೀಮ್ ಬಿಟ್ಟುಬಿಟ್ರೆ ಹಿಂದಕ್ಕೆ ಹೋಗಕ್ಕೆ ದಾರಿ ಇರಲ್ಲ, ಆಗ ಕೇಳಲೇಬೇಕಾಗುತ್ತೆ ಅಂತ." ಚಳಿಗೋ ಹೆದರಿಕೆಗೋ ಅವನ ಹಲ್ಲು ಕಟಕಟಿಸುತ್ತಿದ್ದವು. "ನಿನ್ನ ಜೊತೆ ಒಂದೇ ಮನೇಲಿ ಇರಬೇಕು ಅನ್ನಿಸುತ್ತೆ ನಂಗೆ. ನಿನ್ನ ಪ್ರೀತಿಸ್ತೀನಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಡ್ವೇನ್ ಹತ್ರ ಟೀಮ್ ವಾಪಸ್ ಬೇಡ್ಕೋತೀನಿ."

ಅವನು ಹೋಗುತ್ತಾನೆಂಬ ಹೆದರಿಕೆ ಹೋಯಿತು. ಇರುತ್ತಾನೆಂಬ ಹೆದರಿಕೆ ಬಂತು, ಮತ್ತು ಅದು ಮೊದಲಿನದಕ್ಕಿಂತ ದೊಡ್ಡದಿತ್ತು. ನಾಳೆ ಎಡವಿದರೆ? ಮತ್ತೆ ಕೈ ಸುಟ್ಟರೆ? ನನಗೆ ಓಡಿಹೋಗಬೇಕೆನಿಸಿತು. ಓಡುವುದಾದರೂ ಎಲ್ಲಿಗೆ, ಕಟ್ಟೆಯ ಕೆಳಗೆ ಮೊಣಕಾಲುದ್ದ ಹಿಮ.

"ಮಾರ್ಲಿಸ್!" ಒಳಗಿಂದ ಗಾರ್ಡಿ ಕೂಗಿದ. "ಸುತ್ತು ಮುಗೀತು, ಹೊಸ ಸುತ್ತಲ್ಲಿ ನೀನೇ ಮೊದ್ಲು! ಟೈಮ್ ಓಡ್ತಿದೆ! ಇರೋದು ಇನ್ನೊಬ್ಬನೇ ಕ್ಲೋಸರ್!"

ನಾನು ಅಲ್ಲಾಡಲಿಲ್ಲ.

"ಹೋಗು," ವೆಂಡೆಲ್ ಅಂದ. "ನಿನ್ನ ಸರದಿ ಹೋಗುತ್ತೆ."

"ಹೋಗ್ಲಿ."

"ಹತ್ತು! ಒಂಬತ್ತು!" ಎಲ್ಲರೂ ಸೇರಿ ಎಣಿಸತೊಡಗಿದರು. ನಾನು ವೆಂಡೆಲ್‌ನ ಮಸಿಗೈ ಎರಡನ್ನೂ ಹಿಡಿದುಕೊಂಡೆ.

"ನಂಗೆ ತುಂಬಾ ಭಯ ಆಗ್ತಿದೆ ಕಣೋ," ಎಂದೆ.

"ನಂಗೂ."

"ನಾನೂ ನಿನ್ನ ಪ್ರೀತಿಸ್ತೀನಿ. ನನ್ನ ಮನೆಗೇ ಬಾ. ಆದ್ರೆ ಟೀಮಿನ ಮ್ಯಾನೇಜರ್ ನಾನೇ."

ಒಳಗೆ ಎಣಿಕೆ ಮುಗಿಯಿತು. ಉಳಿದಿದ್ದ ಒಬ್ಬನೇ ಕ್ಲೋಸರ್ ಯಾರ ಪಾಲಿಗೋ ಹೋದ, ಅವರು ಕುಣಿದದ್ದು ಹೊರಗೂ ಕೇಳಿಸಿತು. ನಾವಿಬ್ಬರೂ ಒಳಗೆ ಹೋಗಲಿಲ್ಲ.