ಹತ್ತನೇ ತಪ್ಪು

ಲಾಕ್ ಆಗಿದ್ದು ಮಹಾಂತಪ್ಪನ ಫೋನು. ಲಾಕಪ್ಪಿನ ಹೆದರಿಕೆ ಹತ್ತಿದ್ದು ರೇಣುವಿಗೆ. ಬನ್ನಿ ಹಬ್ಬದ ಬೆಳಿಗ್ಗೆ ಅವನು ಬೈಲಹೊಂಗಲದ ಕೆಂಪವ್ವನ ಮನೆಕಟ್ಟೆಯ ಮೇಲೆ ಬಂದು ಕೂತಾಗ ರಾತ್ರಿಯಿಡೀ ನಿದ್ದೆಗೆಟ್ಟವನಂತೆ ಕಾಣುತ್ತಿದ್ದ. ಕೆಂಪವ್ವ ಪೊಲೀಸ್ ಫೌಜದಾರ ಕೆಲಸದಿಂದ ನಿವೃತ್ತಳಾಗಿ ವರ್ಷಗಳಾಗಿದ್ದರೂ ಊರವರು ಅವಳನ್ನು ನಿವೃತ್ತಳಾಗಲು ಬಿಟ್ಟಿರಲಿಲ್ಲ. ಅವಳ ಬೆನ್ನಹಿಂದೆ ಅಲೆದು ಅಲೆದು ನೆರೆಮನೆಯ ಮಹಾದೇವ ಮಾಸ್ತರನ ಮೊಣಕಾಲುಗಳು ಮಾತ್ರ ಎಂದೋ ನಿವೃತ್ತಿ ಪಡೆದಿದ್ದವು. ಹಬ್ಬದ ದಿನವಾದರೂ ಉಂಡು ಅಡ್ಡಾಗಬೇಕೆಂದುಕೊಂಡಿದ್ದ ಮಹಾದೇವ, ರೇಣುವನ್ನು ನೋಡಿ ಆ ಆಸೆ ಬಿಟ್ಟ.

ರೇಣು ಮಹಾಂತಪ್ಪನ ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕಾರಕೂನ. ಹಿಂದಿನ ದಿನ ಖಂಡೇ ಪೂಜೆ, ಅಂದರೆ ಆಯುಧಪೂಜೆ. ತಕ್ಕಡಿ, ಕುಡಗೋಲುಗಳ ಜೊತೆ ಧಣಿಯ ತುಟ್ಟಿ ಫೋನನ್ನೂ ದೇವರ ಕೋಣೆಯ ಮಣೆಯ ಮೇಲಿಟ್ಟು ವಿಭೂತಿ ಎಳೆದಿದ್ದರು. ಪೂಜೆಗಿಟ್ಟ ವಸ್ತುವನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಬೆಳಿಗ್ಗೆ ಮಹಾಂತಪ್ಪ ಕೈಗೆತ್ತಿಕೊಂಡರೆ ಫೋನು ಈಗಷ್ಟೇ ಹುಟ್ಟಿದ ಕೂಸಿನಂತಿತ್ತು. ಫೋಟೋ, ವೀಡಿಯೋ, ನಂಬರು ಎಲ್ಲ ಸಾಫ್. ಗುಟ್ಟಿನ ಅಂಕಿಯನ್ನು ಹತ್ತು ಸಲ ತಪ್ಪು ಒತ್ತಿದರೆ ತಾನೇ ಎಲ್ಲವನ್ನೂ ಅಳಿಸಿಹಾಕುವ ಏರ್ಪಾಟನ್ನು ಮಾಡಿಸಿಕೊಂಡವನೂ ಅವನೇ, ಅದನ್ನು ಬಂದುಹೋದವರಿಗೆಲ್ಲ ಹೇಳಿ ಮೆರೆದವನೂ ಅವನೇ. ಪೂಜೆಯಾದ ಮೇಲೆ ಆ ಕೋಣೆಗೆ ಹೋದ ಹೊರಗಿನವನೆಂದರೆ ಅಂಗಡಿಯ ಕೀಲಿಕೈ ಇಡಲು ಹೋಗಿದ್ದ ರೇಣು ಒಬ್ಬನೇ.

"ಸಂಜಿಮಟ ಟೈಮ್ ಕೊಟ್ಟಾರ್ರಿ ಅಕ್ಕಾರ. ಒಪ್ಪಲಿಲ್ಲಂದ್ರ ಸ್ಟೇಶನ್ನಿಗೆ ಹೊಕ್ಕೇನಿ ಅಂತಾರ. ಕಟಕೋಳ ಊರಾಗ ನನ್ನ ಲಗ್ನಕ್ಕ ಹೆಣ್ಣ ಗೊತ್ತಾಗೈತಿ. ಅವರ ಕಿವಿಗೆ ಬಿತ್ತಂದ್ರ ಮುಗೀತು."

"ಧಣೇರ ಫೋನಿನ ಅಂಕಿ ನಿನಗ ಗೊತ್ತೈತೇನು?" ಕೆಂಪವ್ವ ಕೇಳಿದಳು.

"ಗೊತ್ತೈತ್ರಿ. ಅವರ ಮೆಸೇಜೆಲ್ಲಾ ಬರಿಯಾಂವ ನಾನ. ಅದಕ್ಕ ನನ್ನ ಮ್ಯಾಲ ಸಂಶಯ."

ಹೊರಡುವ ಮುಂಚೆ ಕೆಂಪವ್ವ ಮಹಾದೇವನಿಗೆ ಅವನದೇ ಫೋನಿನಲ್ಲಿ ತಪ್ಪು ಅಂಕಿ ಒತ್ತುತ್ತಾ ಹೋಗಲು ಹೇಳಿದಳು. ಅಳಿಸುವ ಏರ್ಪಾಟು ಅದರಲ್ಲಿಲ್ಲ ಎಂದು ಮೊದಲೇ ಖಾತ್ರಿ ಮಾಡಿಕೊಂಡಿದ್ದಳು. ನಾಲ್ಕೈದು ತಪ್ಪುಗಳಾದ ಮೇಲೆ ಫೋನು ತುಸು ಹೊತ್ತು ಕಾಯಲು ಹೇಳಿತು. ಆಮೇಲಿನ ಪ್ರತಿ ತಪ್ಪಿಗೂ ಕಾಯುವ ಹೊತ್ತು ಬೆಳೆಯುತ್ತ ಹೋಯಿತು. ಸ್ವಂತ ಫೋನಿನ ಬಾಗಿಲಲ್ಲಿ ಭಿಕ್ಷುಕನಂತೆ ನಿಂತ ಮಹಾದೇವ, ಈ ವಯಸ್ಸಿನಲ್ಲಿ ಇದೂ ಒಂದು ಬಾಕಿಯಿತ್ತು ಎಂದು ಗೊಣಗಿದ.

ಮಹಾಂತಪ್ಪನ ದೇವರ ಕೋಣೆಯಲ್ಲಿ ಘಟ್ಟದ ಕಲಶದ ಮುಂದೆ ನಂದಾದೀಪ ಉರಿಯುತ್ತಿತ್ತು. ನವರಾತ್ರಿಯುದ್ದಕ್ಕೂ ಅದು ಆರಬಾರದು. ಉಪವಾಸವಿದ್ದು ಅದನ್ನು ಕಾಯುವ ಹೊಣೆ ಮಹಾಂತಪ್ಪನ ಹೆಂಡತಿ ತಂಗೆವ್ವನದು; ಎಣ್ಣೆ ಬತ್ತಿಯನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಮಣೆಯ ಮೇಲಿನ ತಕ್ಕಡಿ, ಕುಡಗೋಲುಗಳ ವಿಭೂತಿ ಒಣಗಿ ನೆಟ್ಟಗಿತ್ತು. ಮತ್ತೆ ಮಣೆಯ ಮೇಲೆಯೇ ಇಟ್ಟಿದ್ದ ಫೋನಿನ ಗಾಜಿನ ಮೇಲಿನದು ಮಾತ್ರ ಕಲಸಿಹೋಗಿತ್ತು. ಮುಟ್ಟಿ ನೋಡಿದ ಮಹಾದೇವ ಜಿಡ್ಡಾದ ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

ಮಹಾಂತಪ್ಪನಿಗೆ ಎಲ್ಲಕ್ಕಿಂತ ದೊಡ್ಡ ನೋವು ಸಂಜೆಯ ಮಜಾ ಹಾಳಾದದ್ದು. ಪ್ರತಿ ವರ್ಷ ಬನ್ನಿ ಕೊಡಲು ಬಂದ ಬೀಗರು ಬಿಜ್ಜರ ಮುಂದೆ ಅವನು ಹೆಂಡತಿಗೆ ಗೊತ್ತಾಗದಂತೆ ತೆಗೆದ ಅವಳ ವೀಡಿಯೋ ತೋರಿಸಿ, ಅವಳ ದನಿಯಲ್ಲೇ ಮಾತಾಡಿ ನಗಿಸುತ್ತಿದ್ದ. ಈ ವರ್ಷದ್ದು ಭಾರಿಯಿತ್ತು ಎಂದ. ಬೇಸರದಲ್ಲೂ ತಂಗೆವ್ವ ಮೆಂತ್ಯೆಸೊಪ್ಪಿನ ಚೌಕಾಶಿ ಮಾಡುವುದನ್ನು ಅವಳ ಎದುರೇ ಆಡಿ ತೋರಿಸಿದ. ತಂಗೆವ್ವ ನಕ್ಕಳು. ಕೆಂಪವ್ವ ನಗಲಿಲ್ಲ, ತಂಗೆವ್ವನ ಕೈಗಳನ್ನು ನೋಡುತ್ತಿದ್ದಳು.

ಸಂಜೆ ಪಡಸಾಲೆ ತುಂಬಿತು. ಮಹಾಂತಪ್ಪನ ಸೋದರತ್ತೆ ರಾಚವ್ವ ನಡುವೆ ಕೂತಿದ್ದಳು. ರೇಣು ಬಾಗಿಲ ಹತ್ತಿರ ನಿಂತಿದ್ದ. ಕೆಂಪವ್ವ ದಣಿದ ದನಿಯಲ್ಲೇ ಶುರುಮಾಡಿದಳು.

"ರೇಣುಗ ಅಂಕಿ ಗೊತ್ತೈತಿ. ಅಳಸಬೇಕಂದಿದ್ರ ತಗದು ಬೇಕಾದ್ದನ್ನಷ್ಟ ಅಳಸ್ತಿದ್ದ. ತಪ್ಪು ಒತ್ತೂದು ಅಂಕಿ ಗೊತ್ತಿಲ್ಲದವರ ಕೆಲಸ. ಅದೂ ಹತ್ತು ತಪ್ಪು ಒಮ್ಮೆಲೆ ಆಗೂದಿಲ್ಲ. ಫೋನ ಕಾಯಸ್ತೈತಿ, ಕೇಳ್ರಿ ನಮ್ಮ ಮಾಸ್ತರನ್ನ. ಕೀಲಿಕೈ ಇಟ್ಟು ಬರೂದರಾಗ ಮುಗಿಯೂ ಮಾತಲ್ಲ ಅದು."

ಹಾಗಾದರೆ ಒತ್ತಿದವರು ಆ ಕೋಣೆಗೆ ಮತ್ತೆ ಮತ್ತೆ ಹೋಗಿರಬೇಕು, ಹೋದರೂ ಯಾಕೆಂದು ಯಾರೂ ಕೇಳದಂಥವರಾಗಿರಬೇಕು ಎಂದು ಅವಳು ವಿವರಿಸಿದಳು. ಗಾಜಿನ ಮೇಲಿನ ಜಿಡ್ಡು ದೀಪದ ಎಣ್ಣೆ. ಅಂಕಿಗಳಿರುವ ಜಾಗದಲ್ಲೇ ಎಣ್ಣೆಬೆರಳು ವಿಭೂತಿಯನ್ನು ಕಲಸಿತ್ತು.

"ಇನ್ನ ಒಂದ ಮಾತು. ಒಳಗ ಏನೈತಿ ನೋಡಬೇಕನ್ನಾವ್ರು ಅಳಿಸಿ ಹೊಕ್ಕೈತಿ ಅಂತ ಗೊತ್ತಿದ್ರ ಹತ್ತನೇದು ಒತ್ತೂದಿಲ್ಲ, ಕೈ ಹಿಂದ ತಗೀತಾರ. ಇವರಿಗೆ ಫೋನ ತಗಿಯೂದು ಬೇಕಾಗಿರಲಿಲ್ಲ. ಹತ್ತನೇ ತಪ್ಪ ಬೇಕಾಗಿತ್ತು."

ತಂಗೆವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

"ರೇಣು, ತಪ್ಪಾತಪಾ. ಮುಂಜಾನಿಂದ ಹೇಳಬೇಕಂತೇನಿ, ಬಾಯಿ ಬರವಲ್ದು." ಗಂಡನ ಕಡೆ ತಿರುಗಿದಳು. "ದೀಪದ ಮುಂದ ಕುಂತು ಸತ್ತ ನಮ್ಮವ್ವನ ಜೋಡಿ ನಾಕ ಮಾತ ಆಡ್ತೇನಿ. ಅದನ್ನೂ ಹಿಡದಿಟ್ಟಿದ್ರಿ. ನೀವ ಬಚ್ಚಲದಾಗ ನಿಂತು ನನ್ನ ದನಿ ತಾಲೀಮ ಮಾಡೂದು ಕೇಳಿದ್ನಿ. ಸೊಪ್ಪಿಂದು, ಗೊರಕಿದು, ಎಲ್ಲಾದಕ್ಕೂ ನಕ್ಕೇನಿ. ನಗಲಿಲ್ಲಂದ್ರ ಸಿಟ್ಟ ಬಂತೇನ ಅಂತಿದ್ರಿ. ಇದಕ್ಕ ನಗಾಕ ನನ್ನ ಕೈಲಿ ಆಗ್ತಿರಲಿಲ್ಲ. ಸಾಕಾಗೇತ್ರಿ ನನಗ."

ಮಹಾಂತಪ್ಪ ಏನೋ ಹೇಳಲು ಹೋಗಿ, ಯಾರ ದನಿಯಲ್ಲಿ ಹೇಳಬೇಕೆಂದು ತಿಳಿಯದವನಂತೆ ನಿಂತ. ಕೊನೆಗೆ ಬಾಗಿಲಿಗೆ ಹೋಗಿ ಎಲ್ಲರೆದುರು ರೇಣುವಿನ ಕೈ ಹಿಡಿದು, ತಾನು ಅಂದದ್ದನ್ನು ಮರೆತುಬಿಡಲು ಕೇಳಿದ. ರೇಣು ಆಗಲೆಂದು ತಲೆಯಾಡಿಸಿದ, ಅವನಿಗೀಗ ಕೂರಲು ಒಂದು ಜಾಗ ಸಿಕ್ಕರೆ ಸಾಕಾಗಿತ್ತು.

ಆಗ ರಾಚವ್ವ ನಿಧಾನವಾಗಿ ಕೇಳಿದಳು. "ಮಹಾಂತಾ, ಹತ್ತ ಸಲ ತಪ್ಪಿದ್ರ ಎಲ್ಲಾ ಸಾಫ್ ಆಕ್ಕೈತಿ ಅಂತ ಇಕಿಗೆ ಕಲಿಸಿದಾಂವ ಯಾರೊ?"

ಮಹಾಂತಪ್ಪ ತಲೆ ಕೆರೆದುಕೊಂಡ. "ನಾನ, ಅತ್ತಿ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರಿಂದ ಇನ್ನೊಬ್ಬರಿಗೆ ಹತ್ತಿ ಪಡಸಾಲೆಯೆಲ್ಲ ನಗೆಯಾಯಿತು. ಮಹಾದೇವನಿಗೂ ತಡೆಯಲಾಗಲಿಲ್ಲ. ನಗುವವರ ನಡುವೆ ಒಬ್ಬನೇ ನಿಂತಿದ್ದ ಮಹಾಂತಪ್ಪ ಸುತ್ತಲೂ ಒಮ್ಮೆ ನೋಡಿದ. ಕಿವಿ ಕೆಂಪೇರಿದ್ದವು. ಆಮೇಲೆ ಬಾಯಿ ತೆರೆದು ನಗತೊಡಗಿದ, ಎಲ್ಲರಿಗಿಂತ ಜೋರಾಗಿ, ಎಲ್ಲರ ನಗೆ ನಿಂತ ಮೇಲೂ.

ತಂಗೆವ್ವ ಎದ್ದು ಒಂದು ತಂಬಿಗೆ ನೀರು ತಂದು ಅವನ ಮುಂದೆ ಹಿಡಿದಳು.

"ಸಾಕ ಬಿಡ್ರಿ, ಹಿಂಗ ನಕ್ರ ಗಂಟಲಾ ನೋಯ್ತೈತಿ. ನನಗ ಗೊತ್ತೈತಿ."